ಸಗಣಿ, ಕೂದಲು, ಕುಂಕುಮ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ನಿಂತಾಗ ಸುತ್ತಲಿನ ಗಾಡಿಗಳ ಬಂಪರ್ ಕಡೆ ಒಮ್ಮೆ ನೋಡಿ. ನಿಂಬೆಹಣ್ಣು, ಮೆಣಸಿನಕಾಯಿ ಇದ್ದೇ ಇರುತ್ತೆ. ಕೆಲವಕ್ಕೆ ಕಪ್ಪಗಿನ ಒಂದು ಹಗ್ಗವನ್ನೂ ಕಟ್ಟಿರುತ್ತಾರೆ. ಅದು ಕೂದಲಿನ ಹಗ್ಗ, ಮನುಷ್ಯರದೇ ಕೂದಲು. ಗಾಡಿಗೆ ದೃಷ್ಟಿ ತಾಗದಿರಲಿ ಅಂತ ಕಟ್ಟೋದು. ಐದು ವರ್ಷ ಅದೇ ದಾರಿಯಲ್ಲಿ ಆಫೀಸಿಗೆ ಹೋಗಿಬಂದ ನಾನು ಅದನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ನೋಡೋ ಹಾಗೆ ಮಾಡಿದ್ದು ಕಲಾವಿದೆ ಶೀಲಾ ಗೌಡ.

2009ರ ವೆನಿಸ್ ಬಿಯೆನಾಲೆಯಲ್ಲಿ ಅವರು ‘ಬಿಹೋಲ್ಡ್’ ಅನ್ನೋ ಕೃತಿ ಇಟ್ಟರು. ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ, ಅದರಲ್ಲಿ ತೂಗುಬಿಟ್ಟ ಸ್ಟೀಲ್ ಬಂಪರ್‌ಗಳು. ಅಷ್ಟೇ. ಹರಕೆ ತೀರಿಸಲು ಕೊಟ್ಟ ಮುಡಿಯಲ್ಲಿ ಉದ್ದ ಕೂದಲು ವಿಗ್ ಮಾಡೋಕೆ ವಿದೇಶಕ್ಕೆ ಹೋಗುತ್ತೆ. ಯಾರಿಗೂ ಬೇಡವಾದ ತುಂಡು ಕೂದಲು ಹಗ್ಗವಾಗಿ ನಮ್ಮ ಬಂಪರ್‌ಗೆ ಬರುತ್ತೆ. ರಸ್ತೆಯಲ್ಲಿ ಬಂಪರ್ ಕೂದಲನ್ನು ಹೊತ್ತಿರುತ್ತೆ. ಶೀಲಾ ಅವರ ಕೃತಿಯಲ್ಲಿ ಕೂದಲೇ ಬಂಪರನ್ನು ಹೊತ್ತಿದೆ. ಸ್ಟೀಲು ಗಟ್ಟಿ, ನಂಬಿಕೆ ಪೊಳ್ಳು ಅಂತ ನಾವು ಹಾಕಿಕೊಂಡಿರೋ ಲೆಕ್ಕವನ್ನು ಒಂದೇ ಏಟಿಗೆ ತಲೆಕೆಳಗು ಮಾಡಿಬಿಡುತ್ತೆ ಅದು.

ಶೀಲಾ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತರು. ಕಲಿತಿದ್ದು ಪೇಂಟಿಂಗ್. 1990ರ ದಶಕದ ಆರಂಭದಲ್ಲಿ, ಬಾಬರಿ ಮಸೀದಿ ಬಿದ್ದು ಮುಂಬೈ ಹೊತ್ತಿ ಉರಿದ ಆ ಕಾಲದಲ್ಲಿ, ಅವರು ಬಣ್ಣ ಬಿಟ್ಟು ಸಗಣಿ ಹಿಡಿದರು. ಧರ್ಮದ ಹೆಸರಲ್ಲಿ ಬೀದಿಯಲ್ಲಿ ರಕ್ತ ಹರಿಯುತ್ತಿದ್ದಾಗ ಅವರು ಎತ್ತಿಕೊಂಡಿದ್ದು ಪೂಜೆಗೂ ಸಲ್ಲುವ, ಒಲೆಗೂ ಸಲ್ಲುವ, ದಿನಾ ಬೆಳಗ್ಗೆ ಹೆಂಗಸರು ಬರಿಗೈಯಲ್ಲಿ ಬಾಚುವ ವಸ್ತುವನ್ನು. ಘೋಷಣೆ ಕೂಗದೆಯೇ ಇದಕ್ಕಿಂತ ಖಡಕ್ ಆಗಿ ಮಾತಾಡೋಕೆ ಆಗುತ್ತಾ?

ಇಲ್ಲಿ ನನ್ನ ಮುಜುಗರವನ್ನೂ ಹೇಳಿಬಿಡಬೇಕು. ನಮ್ಮನೆ ನೆಲ ಸಗಣಿ ಸಾರಿಸಿದ ನೆಲ. ಬಿಇ ಓದುವಾಗ ಹಾಸ್ಟೆಲ್ ಗೆಳೆಯರಿಗೆ ‘ರೆಡ್ ಆಕ್ಸೈಡ್’ ಅಂತ ಸುಳ್ಳು ಹೇಳಿದ್ದೆ. ಅವರು ಊರಿಗೆ ಬರ್ತೀವಿ ಅಂದಾಗಲೆಲ್ಲ ಏನೋ ನೆಪ ಹುಡುಕುತ್ತಿದ್ದೆ. ಅದೇ ಸಗಣಿ ಗ್ಯಾಲರಿಗೆ ಬಂದ ಮೇಲೆ ಅದರ ಬಗ್ಗೆ ಉತ್ಸಾಹದಿಂದ ಮಾತಾಡ್ತಿದ್ದೀನಿ ಅಂದರೆ, ಬದಲಾಗಿದ್ದು ಸಗಣಿಯೋ, ನಾನೋ? ಅಮ್ಮ ಮೂವತ್ತು ವರ್ಷ ಸಾರಿಸಿದಾಗ ಅದು ಬರೀ ಮನೆಗೆಲಸವಾಗಿತ್ತಲ್ಲ?

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೆ ಒಂದು ಸುಲಭದ ದಾರಿ ಇದೆ. ಮಹಿಳಾ ಕಲಾವಿದರ ಬಗ್ಗೆ ಬರೆಯುವಾಗ ಅನೇಕರು ಹಿಡಿಯೋದು ಅದನ್ನೇ: ‘ಹೆಣ್ಣಿನ ಮೃದು ಸಂವೇದನೆ’, ‘ತಾಯ್ತನದ ಸ್ಪರ್ಶ’ ಇತ್ಯಾದಿ. ಶೀಲಾ ಅವರ 1998ರ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ನೋಡಿದವರು ಹೀಗೆ ಬರೆಯಲಾರರು. ನೂರಾರು ಅಡಿ ಉದ್ದದ ದಾರವನ್ನು ಸೂಜಿಯ ಕಣ್ಣಲ್ಲಿ ತೂರಿಸಿ, ಪೂರ್ತಿ ಎಳೆದು, ಅಂಥ ಎಳೆಗಳನ್ನು ಸೇರಿಸಿ, ಕುಂಕುಮ ಕಲಸಿದ ಅಂಟು ಬಳಿದು ಮಾಡಿದ ಕೆಂಪು ಹುರಿ ಅದು. ನೆಲ, ಗೋಡೆಗಳ ಮೇಲೆ ಕರುಳಿನ ಹಾಗೆ ಹರಿದಾಡುತ್ತೆ. ಅದರ ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತವೆ. ಸೂಜಿ, ದಾರ, ಕುಂಕುಮ ಮೂರೂ ‘ಗೃಹಿಣಿ’ಯ ಸಾಮಾನೇ. ಮುಟ್ಟಿದರೆ ಮಾತ್ರ ಚುಚ್ಚುತ್ತೆ. ದಾರ ಪೋಣಿಸಿ ಎಳೆಯುವ ಆ ಬೇಜಾರಿನ ಕೆಲಸ, ಯಾರ ಲೆಕ್ಕಕ್ಕೂ ಬರದ ಗಂಟೆಗಳು, ಆ ಹುರಿಯ ಉದ್ದದಲ್ಲಿ ಕಣ್ಣಿಗೆ ಕಾಣುತ್ತವೆ. ಅಮ್ಮನ ಮೂವತ್ತು ವರ್ಷ ನನಗೆ ಕಾಣದೇ ಹೋಗಿದ್ದು ಎಲ್ಲಿ ಅಂತ ಗೊತ್ತಾಗಿದ್ದು ಇಲ್ಲೇ.

ಬೆಂಗಳೂರಿನವರೇ ಆದ ಎನ್. ಪುಷ್ಪಮಾಲಾ ಹೋಗಿದ್ದು ಬೇರೆ ದಾರಿ. ಓದಿದ್ದು ಬರೋಡಾದಲ್ಲಿ, ಶಿಲ್ಪಕಲೆ. ಆಮೇಲೆ ತಮ್ಮ ದೇಹವನ್ನೇ ಶಿಲ್ಪ ಮಾಡಿಕೊಂಡು ಕ್ಯಾಮೆರಾ ಮುಂದೆ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗುತ್ತಾರೆ. ಬ್ರಿಟಿಷರು ಅಳತೆಪಟ್ಟಿ ಹಿಡಿದು ಫೋಟೋ ತೆಗೆದ ಬುಡಕಟ್ಟಿನ ಹೆಂಗಸಾಗುತ್ತಾರೆ. ಪೇಪರಿನಲ್ಲಿ ಬಂದ, ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳಿಯೂ ಆಗುತ್ತಾರೆ. ಬಣ್ಣ ಬಳಿದ ಪರದೆ, ಕೃತಕ ಕಮಲ ಯಾವುದನ್ನೂ ಮುಚ್ಚಿಡೋದಿಲ್ಲ. ನಮ್ಮನೆ ದೇವರಕೋಣೆಯ ಕ್ಯಾಲೆಂಡರ್ ಲಕ್ಷ್ಮಿಯನ್ನೂ ಯಾರೋ ಸೀರೆ ಉಡಿಸಿ, ‘ಹೀಗೆ ನಿಲ್ಲಮ್ಮ’ ಅಂತ ನಿಲ್ಲಿಸಿದ್ದರಲ್ಲವೇ ಅಂತ ಆಗ ಹೊಳೆಯುತ್ತೆ. ಇದೇ ಪುಷ್ಪಮಾಲಾ ‘ಸೋಂಬೇರಿಕಟ್ಟೆ’ ಅನ್ನೋ ಇಲ್ಲದ ಸಂಸ್ಥೆಯೊಂದನ್ನು ಕಲ್ಪಿಸಿಕೊಂಡು ಅದರ ಹೆಸರಲ್ಲೂ ಕೆಲಸ ಮಾಡಿದವರು. ಹರಟೆ ಕಟ್ಟೆಯ ಮೇಲೆ ಕೂರೋ ಹಕ್ಕು ನಮ್ಮೂರಲ್ಲಿ ಗಂಡಸರದ್ದು ಮಾತ್ರ. ಆ ಹೆಸರಿನ ತಮಾಷೆ ಕನ್ನಡ ಬಲ್ಲವರಿಗೇ ಹೆಚ್ಚು ತಟ್ಟೋದು.

ಕರ್ನಾಟಕದ ಕಲೆ ಅಂದರೆ ನಾವು ವೆಂಕಟಪ್ಪ, ಹೆಬ್ಬಾರ್ ಅಂತ ಶುರುಮಾಡಿ, ಕೊನೆಗೆ ‘ಮಹಿಳೆಯರೂ ಕೊಡುಗೆ ನೀಡಿದ್ದಾರೆ’ ಅಂತ ಒಂದು ಸಾಲು ಸೇರಿಸುತ್ತೀವಿ. ಈ ಇಬ್ಬರನ್ನು ಆ ಸಾಲಿನಲ್ಲಿ ಕೂರಿಸೋಕಾಗೋದಿಲ್ಲ. ಯಾವುದರಿಂದ ಕಲೆ ಮಾಡಬಹುದು, ಚಿತ್ರದೊಳಗಿನ ಹೆಣ್ಣು ಯಾರ ಕಣ್ಣಿಗಾಗಿ ನಿಂತಿದ್ದಾಳೆ ಅನ್ನೋ ಪ್ರಶ್ನೆಗಳನ್ನು ಇಲ್ಲಿಗೆ ತಂದವರು ಇವರು. ಇವರಾದ ಮೇಲೆ ಪಟ್ಟಿಯನ್ನು ಮೊದಲಿಂದ ಓದಬೇಕಾಗುತ್ತೆ.

ಆದರೂ ಒಂದು ತಕರಾರು ಉಳಿಯುತ್ತೆ. ‘ಬಿಹೋಲ್ಡ್’ ಈಗ ಇರೋದು ಲಂಡನ್ನಿನ ಟೇಟ್ ಸಂಗ್ರಹದಲ್ಲಿ. ಬೆಂಗಳೂರಿನ ಬಂಪರ್‌ಗಳ ಕಥೆಯನ್ನು ನಾನು ನೋಡಿದ್ದು ಲ್ಯಾಪ್‌ಟಾಪ್ ಪರದೆಯಲ್ಲಿ. ಇನ್ನು ಸಾಗರದ ಕಡೆ ದೀವರ ಹೆಂಗಸರು ಅಕ್ಕಿಹಿಟ್ಟು, ಕೆಮ್ಮಣ್ಣು, ಹುರಿದ ಅಕ್ಕಿಯ ಕಪ್ಪಿನಿಂದ ಪುಂಡಿನಾರಿನ ಕುಂಚ ಹಿಡಿದು ಬರೆಯೋ ಹಸೆ ಚಿತ್ತಾರ, ನಮ್ಮ ಕೆಫೆಗಳ ಗೋಡೆಗೆ ಬಂದಾಗ ಕೆಳಗೆ ಒಂದು ಹೆಸರೂ ಇರೋದಿಲ್ಲ. ‘ಜನಪದ’ ಅಂದುಬಿಟ್ಟರೆ ಮುಗೀತು. ಶೀಲಾ, ಪುಷ್ಪಮಾಲಾ ಅವರ ಹೆಸರು ಹೇಳೋಕೆ ಕಲಿತ ನಾವು ಆ ಹೆಸರುಗಳನ್ನೂ ಕೇಳಬೇಕಲ್ಲವೇ?

ಹೋದ ಸಲ ಊರಿಗೆ ಹೋದಾಗ ಶೀಲಾ ಅವರ ಸಗಣಿ ಇಟ್ಟಿಗೆಗಳ ಫೋಟೋವನ್ನು ಅಮ್ಮನಿಗೆ ತೋರಿಸಿದೆ. ‘ಇದೂ ಒಂದು ಕಲೆನಾ’ ಅಂತ ನಗ್ತಾಳೆ ಅಂದುಕೊಂಡಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು, ಫೋನನ್ನು ಹತ್ತಿರ ಹಿಡಿದು ನೋಡಿದಳು.

‘ಒಣಗಿದ ಮೇಲೂ ಬಿರುಕೇ ಬಿಟ್ಟಿಲ್ವಲ್ಲೋ. ಆಯಮ್ಮ ಏನು ಕಲಸಿದ್ಲಂತೆ?’

ನಾನು ಇಷ್ಟೆಲ್ಲ ಓದಿದ್ದೆ. ಈ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ.