ಸತ್ಯಾನ್ವೇಷಿಯ ಸೃಷ್ಟಿಕರ್ತ: ಶರದಿಂದು ಬಂದ್ಯೋಪಾಧ್ಯಾಯ

ಬಂಗಾಳೀ ಸಾಹಿತ್ಯವೆಂದೊಡನೆ ಕನ್ನಡ ವಾಚಕನ ನಾಲಗೆಗೆ ಬರುವ ಹೆಸರುಗಳು ಬಂಕಿಮಚಂದ್ರ, ರವೀಂದ್ರನಾಥ, ಶರಚ್ಚಂದ್ರ ಎಂಬ ಮೂರೇ. ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ಕರೆತಂದ ಕಾಲದಿಂದ ನಮಗೂ ವಂಗದೇಶಕ್ಕೂ ಬೆಳೆದ ನಂಟು ಬಹುಮಟ್ಟಿಗೆ ಈ ಮಹಾದ್ವಾರದಿಂದಲೇ ನಡೆದುಬಂದಿದೆ. ಹಿತ್ತಿಲ ಬಾಗಿಲಿನಿಂದ ಮನೆಹೊಕ್ಕು ಮಕ್ಕಳ ತಲೆದಿಂಬಿನ ಕೆಳಗೆ ಅಡಗಿ ಕುಳಿತ ಪುಸ್ತಕಗಳ ಕಡೆ ನಮ್ಮ ವಿದ್ವಾಂಸರ ದೃಷ್ಟಿ ಅಷ್ಟಾಗಿ ಹರಿದಿಲ್ಲ. 1993ರಲ್ಲಿ ಬಾಸು ಚಟರ್ಜಿಯವರು ದೂರದರ್ಶನಕ್ಕಾಗಿ ನಿರ್ಮಿಸಿದ ಹಿಂದೀ ಧಾರಾವಾಹಿಯಿಂದ ವ್ಯೋಮಕೇಶ ಬಕ್ಷಿ ನಮ್ಮ ಮನೆಮನೆಗೂ ಪರಿಚಿತನಾದನು. ಆತನನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರು ತಮ್ಮ ಜೀವಿತದ ಕಡೆಯ ಹದಿನೆಂಟು ವರ್ಷಗಳ ಕಾಲ ನಮ್ಮ ಈ ಪುಣೆಯ ನಿವಾಸಿಗಳಾಗಿದ್ದರೆಂಬುದು ಮಾತ್ರ ಇಲ್ಲಿಯ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಗೊತ್ತು? ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಕಲ್ಕತ್ತೆಯಲ್ಲಿ ಮೂರು ವರ್ಷ ಕಳೆದು, ಅಲ್ಲಿಯ ಲಿಪಿಯನ್ನು ಕೂಡಿಸಿ ಓದುವಷ್ಟು ಬಂಗಾಳಿ ಕಲಿತು ಬರುವವರೆಗೆ ನನಗೂ ತಿಳಿದಿರಲಿಲ್ಲ.

ಶರದಿಂದು ಹುಟ್ಟಿದುದು 1899ರಲ್ಲಿ, ಬಂಗಾಳದಲ್ಲಲ್ಲ, ಉತ್ತರದ ಜೌನಪುರದಲ್ಲಿ. ಬೆಳೆದುದು ಬಿಹಾರದ ಮುಂಗೇರಿನಲ್ಲಿ. ಕಲ್ಕತ್ತೆಯಲ್ಲಿ ಕಾಲೇಜು, ಪಾಟ್ನಾದಲ್ಲಿ ಕಾನೂನು, ಕೆಲಕಾಲ ವಕೀಲಿ. 1929ರಲ್ಲಿ ಅದನ್ನು ತೊರೆದು ಲೇಖನಿಯನ್ನೇ ನಂಬಿದರು. 1938ರಲ್ಲಿ ಹಿಮಾಂಶು ರಾಯರ ಬಾಂಬೆ ಟಾಕೀಸಿಗಾಗಿ ಚಿತ್ರಕಥೆ ಬರೆಯಲು ಮುಂಬಯಿಗೆ ಬಂದರು; 1952ರಲ್ಲಿ ಚಿತ್ರರಂಗವನ್ನೂ ಬಿಟ್ಟು ಪುಣೆ ಸೇರಿದರು; 1970ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹೊರನಾಡಿನಲ್ಲಿ ಹುಟ್ಟಿ ಹೊರನಾಡಿನಲ್ಲೇ ಬಾಳಿದ ಈತ ಕಲ್ಕತ್ತೆಯ ಗಲ್ಲಿ, ಮೆಸ್ಸು, ಟ್ರಾಮು, ಮಳೆಗಳನ್ನು ಆ ನಗರದ ಓದುಗರೇ ತಲೆದೂಗುವಂತೆ ಚಿತ್ರಿಸಿದರೆಂಬುದು ಹೊರನಾಡ ಕನ್ನಡಿಗರಾದ ನಾವು ಗಮನಿಸಬೇಕಾದ ಸಂಗತಿ.

ವ್ಯೋಮಕೇಶನ ಮೊದಲ ಕಥೆ ‘ಪಥೇರ ಕಾಂಟಾ’ ರಚಿತವಾದುದು 1932ರಲ್ಲಿ. ‘ದಾರಿಯ ಮುಳ್ಳು’ ಎಂದು ಆ ಹೆಸರಿನ ಅರ್ಥ. ನಡುಬೀದಿಯಲ್ಲಿ ಜನ ಒಬ್ಬೊಬ್ಬರಾಗಿ ಸತ್ತು ಬೀಳುತ್ತಾರೆ. ಎದೆಯಲ್ಲಿ ಹೊಕ್ಕಿರುವುದು ಗ್ರಾಮಫೋನಿನ ಮುಳ್ಳು. ಅದನ್ನು ಹಾರಿಸಿದ ಯಂತ್ರವೋ, ಸೈಕಲ್ಲಿನ ಗಂಟೆ! ಮುಂದಿನ ಕಥೆಗಳಲ್ಲಿಯೂ ಇದೇ ಬಗೆ. ಒಂದರಲ್ಲಿ ಬೆಂಕಿಕಡ್ಡಿ ಕೊಲ್ಲುತ್ತದೆ. 1967ರ ‘ಶಜಾರುರ ಕಾಂಟಾ’ದಲ್ಲಿ ಮುಳ್ಳುಹಂದಿಯ ಮುಳ್ಳು. ಆಂಗ್ಲ ಮಾದರಿಯನ್ನು ಎದುರಿಗಿಟ್ಟುಕೊಂಡು ಬರೆದವರು ಪಿಸ್ತೂಲು, ಮುಖವಾಡ, ನೆಲಮಾಳಿಗೆಗಳನ್ನು ತರುತ್ತಿದ್ದ ಕಾಲದಲ್ಲಿ ಈತ ಮಧ್ಯಮ ವರ್ಗದ ಮನೆಯಲ್ಲಿ ಕೈಗೆಟಕುವ ವಸ್ತುವಿಗೇ ಹಲ್ಲು ಹಚ್ಚಿದರು. ಕಥೆ ಓದಿ ಮುಗಿಸಿದ ಹುಡುಗ ಮಾರನೆಯ ದಿನ ಸೈಕಲ್ಲಿನ ಗಂಟೆ ಕೇಳಿ ಬೆಚ್ಚದಿರಲಾರ. ರೋಮಾಂಚವೆಂದರೆ ಇದು.

ವ್ಯೋಮಕೇಶನಿಗೆ ‘ಡಿಟೆಕ್ಟಿವ್’ ಎಂಬ ಮಾತು ಹಿಡಿಸದು; ತಾನು ‘ಸತ್ಯಾನ್ವೇಷಿ’ ಎಂದು ಹೇಳಿಕೊಳ್ಳುತ್ತಾನೆ. ಇದು ಬರಿಯ ಬಿರುದಲ್ಲ. ಆತ ಪೊಲೀಸರ ಸೇವಕನಲ್ಲ, ಕಾನೂನಿನ ದಾಸನೂ ಅಲ್ಲ. ಸತ್ಯವನ್ನು ಕಂಡುಕೊಂಡ ಮೇಲೆ ಅದನ್ನು ಯಾರ ಕೈಗೆ ಒಪ್ಪಿಸಬೇಕೆಂಬುದನ್ನು ತಾನೇ ನಿರ್ಧರಿಸುತ್ತಾನೆ. ಪತ್ರಿಕೆಯಲ್ಲಿ ನಿಜವಾದ ಸುದ್ದಿ ಇರುವುದು ಜಾಹೀರಾತಿನ ಪುಟದಲ್ಲಿ ಎಂಬುದು ಆತನ ಮತ. (ಲೆಕ್ಕಪುಸ್ತಕದಲ್ಲಿ ನಿಜವಿರುವುದು ಅಡಿಟಿಪ್ಪಣಿಯಲ್ಲಿ ಎಂದು ನಮ್ಮ ವೃತ್ತಿಯ ಹಿರಿಯರು ಹೇಳುತ್ತಿದ್ದುದು ನೆನಪಾಗುತ್ತದೆ.) ಷೆರ್ಲಾಕ್ ಹೋಮ್ಸನ ಋಣ ಇಲ್ಲಿ ಸ್ಪಷ್ಟ, ಅಜಿತನು ವಾಟ್ಸನ್ನನ ದಾಯಾದಿ. ಆದರೆ ಹೋಮ್ಸ್ ಒಂಟಿಗ, ವ್ಯೋಮಕೇಶನಾದರೋ ‘ಅರ್ಥಮನರ್ಥಮ್’ ಕಥೆಯಲ್ಲಿ ಸಂಕಟಕ್ಕೊಳಗಾದ ಮನೆಯ ಹೆಣ್ಣು ಸತ್ಯವತಿಯನ್ನು ಕಂಡು, ಮುಂದೆ ಆಕೆಯನ್ನೇ ಮದುವೆಯಾಗುತ್ತಾನೆ, ಮಗನ ತಂದೆಯಾಗುತ್ತಾನೆ, ವಯಸ್ಸಾಗುತ್ತ ಬಂದಂತೆ ಸ್ವಂತ ಮನೆಯ ಮಾತಾಡುತ್ತಾನೆ. ಪರಾಧೀನ ಭಾರತದಲ್ಲಿ ಆರಂಭವಾದ ಆತನ ಬಾಳು ಗಲಭೆ, ವಿಭಜನೆ, ಸ್ವಾತಂತ್ರ್ಯಗಳನ್ನು ಹಾಯ್ದು ಬರುತ್ತದೆ. 1955ರ ‘ಆದಿಮ ರಿಪು’ವಿನಲ್ಲಿ ಕಲ್ಕತ್ತೆಯ ಕೋಮುಗಲಭೆಯ ಕರಿನೆರಳು ಪುಟಪುಟಕ್ಕೂ ಬಿದ್ದಿದೆ.

ಹತ್ತು ಕಥೆಗಳಾದ ಮೇಲೆ ಶರದಿಂದು ವ್ಯೋಮಕೇಶನನ್ನು ಕೈಬಿಟ್ಟರು. ಹದಿನೈದು ವರ್ಷಗಳ ಕಾಲ ಆತನ ಸುಳಿವಿಲ್ಲ. ಕಡೆಗೆ ಕಲ್ಕತ್ತೆಗೆ ಹೋದಾಗ ಮಿತ್ರರೊಬ್ಬರ ಮನೆಯ ಮಕ್ಕಳು, ವ್ಯೋಮಕೇಶನ ಕಥೆ ಏಕೆ ಬರೆಯುವುದಿಲ್ಲವೆಂದು ಕೇಳಿದರಂತೆ. 1951ರ ‘ಚಿತ್ರಚೋರ’ ಆ ಪ್ರಶ್ನೆಗೆ ಸಿಕ್ಕ ಉತ್ತರ. ಅಲ್ಲಿಂದ ಮುಂದೆ ಇಪ್ಪತ್ತೆರಡು ಕಥೆ ಕಾದಂಬರಿಗಳು ಬಂದವು. ಇದರಲ್ಲಿ ಒಂದು ವಿನೋದವಿದೆ. ವ್ಯೋಮಕೇಶನ ಜಗತ್ತು ಮಕ್ಕಳಿಗೆ ತಕ್ಕುದೆಂದು ಯಾವ ತಂದೆಯೂ ಹೇಳಲಾರ. ಅಲ್ಲಿಯ ಅಪರಾಧಗಳ ಬೇರು ಕಾಮದಲ್ಲಿದೆ, ಉಯಿಲಿನಲ್ಲಿದೆ, ಕೂಡುಕುಟುಂಬದ ಒಳಬೇಗೆಯಲ್ಲಿದೆ. 1965ರಲ್ಲಿ ‘ಸಂದೇಶ’ ಪತ್ರಿಕೆಯಲ್ಲಿ ಕಾಣಿಸಿಕೊಂಡ ಸತ್ಯಜಿತ್ ರಾಯರ ಫೆಲೂದಾ ಬಾಲಕರಿಗೆಂದೇ ತೊಳೆದಿಟ್ಟ ನಿರ್ಮಲ ಲೋಕದವನು. ಹೀಗಿದ್ದರೂ ವ್ಯೋಮಕೇಶನನ್ನು ಮರಳಿ ಕರೆದವರು ಮಕ್ಕಳೇ.

ಮಕ್ಕಳಿಗೆಂದೇ ಶರದಿಂದು ಬರೆದುದರಲ್ಲಿ ಮೇಲಾದುದು ಸದಾಶಿವನ ಐದು ಕಥೆಗಳು. ಮಹಾರಾಷ್ಟ್ರದ ಹಳ್ಳಿಯೊಂದರ ಅನಾಥ ಹುಡುಗ ಮನೆಯವರಿಗೆ ಬೇಡವಾಗಿ ಶಿವಾಜಿ ಮಹಾರಾಜರ ಪಡೆ ಸೇರುತ್ತಾನೆ. ಓಡುವ ಕಾಲು, ಚುರುಕಾದ ಕಣ್ಣು, ಇವೆರಡೇ ಆತನ ಆಸ್ತಿ. ಬಂಗಾಳಿಗರಿಗೆ ಶಿವಾಜಿ ಹೊಸಬನಲ್ಲ. ರಮೇಶಚಂದ್ರ ದತ್ತರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆತನನ್ನು ಕಾದಂಬರಿಗೆ ತಂದಿದ್ದರು. ಆದರೆ ಅದು ವೀರಗಾಥೆ. ಸದಾಶಿವನ ಕಥೆಯಲ್ಲಿ ಸಹ್ಯಾದ್ರಿಯ ಕಲ್ಲುದಾರಿಯ ಮೇಲೆ ಹುಡುಗನೊಬ್ಬನ ಹಸಿದ ಹೊಟ್ಟೆ ನಡೆಯುತ್ತದೆ. ಉಪದೇಶವಿಲ್ಲ, ಮಕ್ಕಳೆಂದು ಭಾಷೆಯನ್ನು ಕುಗ್ಗಿಸಿದ್ದೂ ಇಲ್ಲ.

ಭಾಷೆಯ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಅಜಿತನು ಹೇಳುವ ಕಥೆಗಳೆಲ್ಲ ‘ಸಾಧುಭಾಷೆ’ಯಲ್ಲಿವೆ, ಎಂದರೆ ನಮ್ಮ ಗ್ರಾಂಥಿಕ ಶೈಲಿಗೆ ಸಮನಾದ ಪ್ರೌಢ ಬಂಗಾಳಿಯಲ್ಲಿ. ಕೊಲೆ, ಕೊಕೇನು, ಕಳ್ಳಸಂತೆಗಳನ್ನು ಬಂಕಿಮರ ಕ್ರಿಯಾಪದಗಳಲ್ಲಿ ಹೇಳಿದಾಗ ಉಂಟಾಗುವ ಗಾಂಭೀರ್ಯದಲ್ಲಿ ಒಂದು ತೆಳುವಾದ ನಗೆಯೂ ಅಡಗಿದೆ. ಅಜಿತನು ಸ್ವತಃ ಲೇಖಕ. ತನ್ನ ಶೈಲಿಯ ಮೇಲೆ ಆತನಿಗೆ ತುಸು ಮೋಹ. ಅಪರಾಧಿಯು ಎದುರಿಗೆ ಸುಳಿದಾಡುತ್ತಿದ್ದರೂ ಆತನ ಸುಂದರವಾದ ವಾಕ್ಯ ಬೇರೊಂದು ಕಡೆ ನೋಡುತ್ತಿರುತ್ತದೆ. ಕಡೆಯ ಕೆಲವು ಕಥೆಗಳಲ್ಲಿ ಶರದಿಂದು ಅಜಿತನನ್ನು ಪುಸ್ತಕ ಪ್ರಕಾಶನದ ವ್ಯವಹಾರಕ್ಕೆ ಕಳುಹಿಸಿ, ತಾವೇ ಆಡುಮಾತಿನ ‘ಚಲಿತ’ ಶೈಲಿಯಲ್ಲಿ ಕಥೆ ಹೇಳಿದರು. ಕಾಲಧರ್ಮಕ್ಕೆ ಅದು ಒಪ್ಪುವುದಿರಬಹುದು. ನನಗಂತೂ ಅಲ್ಲಿ ದೀಪವೊಂದು ಸಣ್ಣಗಾದಂತೆ ತೋರುತ್ತದೆ. ವ್ಯೋಮಕೇಶನ ಬುದ್ಧಿ ಹೊಳೆಯುವುದು ಅಜಿತನ ಮುಗ್ಧ ಪಾಂಡಿತ್ಯದ ಒರೆಗಲ್ಲಿನ ಮೇಲೆ.

ಕನ್ನಡಿಗನು ಈ ಗ್ರಂಥಕರ್ತನನ್ನು ಓದಲು ಇನ್ನೊಂದು ಕಾರಣವುಂಟು. 1965ರ ‘ತುಂಗಭದ್ರಾರ ತೀರೇ’ ಎಂಬ ಕಾದಂಬರಿ ನಮ್ಮ ವಿಜಯನಗರದ್ದು, ಪ್ರೌಢದೇವರಾಯನ ಕಾಲದ್ದು. 1967ರಲ್ಲಿ ಇದಕ್ಕೆ ರವೀಂದ್ರ ಪುರಸ್ಕಾರ ದೊರೆಯಿತು. ದೊರೆಯನ್ನು ವರಿಸಲೆಂದು ಕಳಿಂಗದ ರಾಜಪುತ್ರಿ ವಿದ್ಯುನ್ಮಾಲೆ ನಾವೆಯಲ್ಲಿ ಬರುತ್ತಾಳೆ. ಬಹಮನಿಯ ಗುಲ್ಬರ್ಗದಿಂದ ತಪ್ಪಿಸಿಕೊಂಡ ಅರ್ಜುನವರ್ಮ ಹೊಳೆಯಲ್ಲಿ ತೇಲಿಬಂದು ಆ ನಾವೆಯವರ ಕೈಗೆ ಸಿಕ್ಕುತ್ತಾನೆ. ದೊರೆಯ ತಮ್ಮನೇ ಹೂಡಿದ ಕೊಲೆಯ ಸಂಚು ಕಥೆಯ ತಿರುಳು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಬರೆದಿಟ್ಟಿರುವ ಸಂಗತಿಯೇ ಇದಕ್ಕೆ ಆಧಾರ. ಪತ್ತೇದಾರಿಯ ಪಳಗಿದ ಕೈ ಇಲ್ಲಿ ಚರಿತ್ರೆಗೆ ನೆರವಾಗಿದೆ. ಸಂಚಿನ ಎಳೆಗಳು ಒಂದೊಂದಾಗಿ ಬಿಗಿಯುವ ರೀತಿಯನ್ನು ನಮ್ಮ ಎಷ್ಟೋ ಐತಿಹಾಸಿಕ ಕಾದಂಬರಿಗಳು ಅರಿಯವು.

ಆಕ್ಷೇಪಗಳೂ ಇವೆ. ಸಮುದ್ರದ ಕಡೆಯಿಂದ ಕೃಷ್ಣೆಯನ್ನು ಏರಿ, ಸಂಗಮದಲ್ಲಿ ತುಂಗಭದ್ರೆಗೆ ತಿರುಗಿ ರಾಜನಾವೆಗಳು ಹಂಪೆಗೆ ಬರುತ್ತವೆ. ನಡುವೆ ಶ್ರೀಶೈಲದ ನಲ್ಲಮಲೆಯ ಕೊರಕಲಿದೆ. ಹಂಪೆಯ ಬಳಿಯಂತೂ ಹೊಳೆಯ ತುಂಬ ಬಂಡೆ. ಅಲ್ಲಿ ಹರಿಗೋಲು ಸುತ್ತಿ ಸುತ್ತಿ ಹಾಯುವುದನ್ನು ಕಂಡ ನಮಗೆ ಈ ಜಲಯಾತ್ರೆ ನಂಬಿಕೆಗೆ ಬರದು. ಗಂಗೆಯ ದಡದಲ್ಲಿ ಬೆಳೆದವನಿಗೆ ಹೊಳೆಯೆಂದರೆ ದಾರಿ. ತುಂಗಭದ್ರೆ ಅಂಥ ಹೊಳೆಯಲ್ಲ. ಜನರ ನಡೆನುಡಿಯಲ್ಲಿಯೂ ಬಂಗಾಳದ ಮಾರ್ದವವೇ ಹೆಚ್ಚು. ಆದರೂ ಆ ನಗರ ಪಾಳಾಗುವ ಮೊದಲು ಅಲ್ಲಿ ಸಂಜೆಯ ಅಂಗಡಿಬೀದಿ ಹೇಗಿದ್ದಿರಬಹುದೆಂದು ಒಬ್ಬ ಪರಭಾಷಿಕನು ಇಷ್ಟು ಪ್ರೀತಿಯಿಂದ ಕಲ್ಪಿಸಿರುವಾಗ ತಪ್ಪು ಹುಡುಕುವ ಬಾಯಿ ತಾನಾಗಿ ಮೆತ್ತಗಾಗುತ್ತದೆ.

ಬಂಗಾಳದ ವಿದ್ವಾಂಸರು ಈತನನ್ನು ಹೊರಗಿಡಲಿಲ್ಲ. ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಬಂದಿವೆ. 1967ರಲ್ಲಿ ‘ಚಿಡಿಯಾಖಾನಾ’ ಕಾದಂಬರಿಯನ್ನು ಚಿತ್ರವಾಗಿಸಿದವರು ಸತ್ಯಜಿತ್ ರಾಯರೇ. ಭಾಷಾಶಾಸ್ತ್ರಜ್ಞರೂ ಬಂಗಾಳೀ ಸಾಹಿತ್ಯದ ಮಹಾಚರಿತ್ರೆಯನ್ನು ಬರೆದವರೂ ಆದ ಸುಕುಮಾರ ಸೇನರು ಅಪರಾಧ ಕಥೆಗಳ ಚರಿತ್ರೆಯೊಂದನ್ನೂ ಬರೆದರು. ಹಾಗೆ ಬರೆದುದರಿಂದ ಅವರ ಪಾಂಡಿತ್ಯಕ್ಕೆ ಮುಕ್ಕಾಗಲಿಲ್ಲ. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಒಂದು ತಲೆಮಾರಿಗೇ ಕನ್ನಡ ಓದುವ ಚಟ ಹಿಡಿಸಿದವು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದು ಬಾವುಟ ಹಿಡಿದವರಲ್ಲಿಯೂ ಎಷ್ಟೋ ಮಂದಿಗೆ ಗೊತ್ತಿರಲಾರದು. ಅವರೆಲ್ಲ ಶರದಿಂದುವಿನ ಮಟ್ಟದವರೆಂದು ನಾನು ವಾದಿಸುತ್ತಿಲ್ಲ. ಹೌದೋ ಅಲ್ಲವೋ ಎಂದು ಹೇಳಲು ಪುಸ್ತಕಗಳನ್ನು ಓದಬೇಕು. ಓದಲು ಅವು ಸಿಕ್ಕಬೇಕು. ನನ್ನ ಬಳಿ ಹಳೆಯ ಪುಸ್ತಕದ ಗಾಡಿಯಿಂದ ಕೊಂಡ ಅಂಥ ನಾಲ್ಕು ಕಾದಂಬರಿಗಳಿವೆ. ಎರಡರಲ್ಲಿ ಮುದ್ರಣದ ವರ್ಷವಿಲ್ಲ. ಒಂದರಲ್ಲಿ ಕಡೆಯ ಹಾಳೆಯಿಲ್ಲದೆ ಕೊಲೆಗಾರನು ಯಾರೆಂಬುದು ಇಂದಿಗೂ ನನಗೆ ತಿಳಿಯದು. ಇಂಥ ಪುಸ್ತಕಗಳು ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದರೆ, ರದ್ದಿಗೆ ಹಾಕುವ ಮುನ್ನ ಅವರು ನಮ್ಮ ಸಂಘದ ಗ್ರಂಥಭಂಡಾರಕ್ಕೆ ಒಂದು ಮಾತು ತಿಳಿಸಬೇಕೆಂದು ಬೇಡುತ್ತೇನೆ.