ಗ್ಯಾಸ್ ಅಳೆದರೆ ಹೊಟ್ಟೆಯ ತಕರಾರು ತಿಳಿದೀತೆ?

ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಪುಟ್ಟ ಪೆಟ್ಟಿಗೆ. ಉಸಿರನ್ನು ಕೆಲ ಕ್ಷಣ ಹಿಡಿದು ಅದರೊಳಗೆ ನಿಧಾನವಾಗಿ ಊದಿದರೆ ಮೊಬೈಲ್ ಪರದೆಯ ಮೇಲೆ ಸೊನ್ನೆಯಿಂದ ಹತ್ತರ ನಡುವಿನ ಒಂದು ಅಂಕ ಮೂಡುತ್ತದೆ. ಅಂಕ ಏರಿದಷ್ಟೂ ಕರುಳಿನಲ್ಲಿ ಹುದುಗುವಿಕೆ ಹೆಚ್ಚು ಎಂದು ಅರ್ಥ. ಐರ್ಲೆಂಡಿನ ಡಬ್ಲಿನ್ ನಗರದ ಫುಡ್‌ಮಾರ್ಬಲ್ ಕಂಪನಿ ತಯಾರಿಸುವ ಈ ಸಾಧನದ ಹೆಸರು ‘ಏರ್’. ಸಂಸ್ಥಾಪಕ ಆಂಗಸ್ ಶಾರ್ಟ್ ವೈದ್ಯರಲ್ಲ, ಎಂಜಿನಿಯರ್. ಮನೆಯವರ ಕರುಳಿನ ತೊಂದರೆಗೆ ದಾರಿ ಹುಡುಕುತ್ತ ಅವರು ಈ ಕೆಲಸಕ್ಕೆ ಇಳಿದರು. ಮೊದಲ ಮಾದರಿ ಉಸಿರಿನ ಜಲಜನಕವನ್ನಷ್ಟೇ ಅಳೆಯುತ್ತಿತ್ತು. ‘ಏರ್ 2’ ಮೀಥೇನನ್ನೂ ಅಳೆಯುತ್ತದೆ. ಯಾವ ಆಹಾರ ತನಗೆ ಆಗಿಬರುವುದಿಲ್ಲ ಎಂಬುದನ್ನು ಆಸ್ಪತ್ರೆಗೆ ಅಲೆಯದೆ, ಮನೆಯಲ್ಲೇ ಕೂತು ಕಂಡುಕೊಳ್ಳಬಹುದು ಎಂಬುದು ಅದರ ಭರವಸೆ.

ಭರವಸೆಯ ಅರ್ಧ ಭಾಗಕ್ಕೆ ಗಟ್ಟಿ ಆಧಾರವಿದೆ. ಉಳಿದರ್ಧವನ್ನು ಕೊಳ್ಳುವವರು ತಾವೇ ಊಹಿಸಿಕೊಳ್ಳುತ್ತಾರೆ. ಮಾರುವವರು ಆ ಊಹೆಗೆ ಅಡ್ಡ ಬರುವುದಿಲ್ಲ.

ಮೊದಲು ಗಟ್ಟಿ ಭಾಗ. ಮನುಷ್ಯನ ಜೀವಕೋಶಗಳು ಜಲಜನಕವನ್ನು ತಯಾರಿಸುವುದಿಲ್ಲ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಸಕ್ಕರೆ, ನಾರು ದೊಡ್ಡ ಕರುಳನ್ನು ಸೇರಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಇಡ್ಲಿ ಹಿಟ್ಟನ್ನು ರಾತ್ರೋರಾತ್ರಿ ಉಕ್ಕಿಸುವ ಕ್ರಿಯೆಯ ಜಾತಿಯದೇ ಇದು. ಹುಟ್ಟಿದ ಜಲಜನಕದ ಒಂದು ಪಾಲು ರಕ್ತಕ್ಕೆ ಸೇರಿ, ಶ್ವಾಸಕೋಶ ತಲುಪಿ, ಉಸಿರಿನೊಂದಿಗೆ ಹೊರಬರುತ್ತದೆ. ಅಮೆರಿಕದ ಮಿನ್ನೆಸೋಟದ ವೈದ್ಯ ಮೈಕೆಲ್ ಲೆವಿಟ್ ಇದನ್ನು 1969ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ಆಸ್ಪತ್ರೆಗಳ ಉಸಿರು ಪರೀಕ್ಷೆ ಬೆಳೆದದ್ದು ಈ ತಳಹದಿಯ ಮೇಲೆಯೇ. ಹಾಗಾಗಿ ‘ಏರ್’ ಗಾಳಿಯಲ್ಲಿ ಕಟ್ಟಿದ ಗೋಪುರವಲ್ಲ. ಬೆರಳ ತುದಿಯ ರಕ್ತದಲ್ಲಿ ಐಜಿಜಿ ಪ್ರತಿಕಾಯಗಳನ್ನು ಎಣಿಸಿ ನೂರಾರು ಆಹಾರಗಳಿಗೆ ಕೆಂಪು-ಹಸಿರು ಗುರುತು ಹಾಕಿಕೊಡುವ ‘ಫುಡ್ ಸೆನ್ಸಿಟಿವಿಟಿ’ ಕಿಟ್‌ಗಳ ಪಕ್ಕದಲ್ಲಿಟ್ಟರೆ ಇದು ಎಷ್ಟೋ ಮೇಲು. ಆ ಪ್ರತಿಕಾಯಗಳು ಹೇಳುವುದು ಆ ಆಹಾರ ಮೈಗೆ ಪರಿಚಿತ ಎಂಬುದನ್ನಷ್ಟೆ. ಇಂಥ ಪರೀಕ್ಷೆಗಳನ್ನು ನಂಬಬೇಡಿ ಎಂದು ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲಿ, ಕೆನಡಾದ ಸಂಘ 2012ರಲ್ಲಿ ಹೇಳಿವೆ.

ಆಸ್ಪತ್ರೆಯ ಉಸಿರು ಪರೀಕ್ಷೆಯ ಬೆಲೆ ಇರುವುದು ಅದರ ಕಟ್ಟುನಿಟ್ಟಿನಲ್ಲಿ. 2017ರಲ್ಲಿ ಉತ್ತರ ಅಮೆರಿಕದ ತಜ್ಞರು ಒಮ್ಮತದಿಂದ ಹಾಕಿಕೊಟ್ಟ ನಿಯಮಗಳ ಪ್ರಕಾರ ಹಿಂದಿನ ನಾಲ್ಕು ವಾರ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಹಿಂದಿನ ದಿನ ಹುದುಗುವ ಆಹಾರ ಬಿಡಬೇಕು. ಎಂಟರಿಂದ ಹನ್ನೆರಡು ಗಂಟೆ ಉಪವಾಸವಿರಬೇಕು. ಪರೀಕ್ಷೆಯ ದಿನ ಬೀಡಿ-ಸಿಗರೇಟು, ಮೈದಣಿಸುವ ವ್ಯಾಯಾಮ ಕೂಡದು. ಆಮೇಲೆ 25 ಗ್ರಾಂ ಲ್ಯಾಕ್ಟೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಮೂರು ಗಂಟೆ ಕಾಲ ಬಿಟ್ಟು ಬಿಟ್ಟು ಊದಿಸುತ್ತಾರೆ. ಜಲಜನಕ ಮೊದಲಿದ್ದ ಮಟ್ಟಕ್ಕಿಂತ 20 ಪಿಪಿಎಂ ಏರಿದರೆ ಲ್ಯಾಕ್ಟೋಸ್ ಜೀರ್ಣವಾಗಿಲ್ಲ ಎಂದು ತೀರ್ಮಾನ.

ಫುಡ್‌ಮಾರ್ಬಲ್ ಮಾರುವ ಕಿಟ್ ಇದೇ ಶಿಸ್ತನ್ನು ಮನೆಗೆ ತರಲು ನೋಡುತ್ತದೆ. ಅದರಲ್ಲಿ ಲ್ಯಾಕ್ಟೋಸ್, ಫ್ರಕ್ಟೋಸ್, ಸಾರ್ಬಿಟಾಲ್ ಮತ್ತು ಇನುಲಿನ್ ಎಂಬ ನಾಲ್ಕು ಪುಡಿಗಳಿವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ‘ಫಾಡ್‌ಮ್ಯಾಪ್’ ಎಂದು ಹೆಸರಿಟ್ಟ, ಸುಲಭವಾಗಿ ಹುದುಗುವ ಸಕ್ಕರೆಗಳ ಗುಂಪಿನಿಂದ ಆರಿಸಿದವು ಇವು. ಒಂದೊಂದು ದಿನ ಒಂದೊಂದು ಪುಡಿ ಕುಡಿದು, ಊದಿ, ಲಕ್ಷಣಗಳನ್ನು ಬರೆದಿಡಬೇಕು.

ನಾಲ್ಕೂ ಪುಡಿಗಳು ಒಂದೇ ತೂಕದ ಪ್ರಶ್ನೆಗಳಲ್ಲ. ವಿಮರ್ಶೆ ಇಲ್ಲಿ ನಿಂತು ನೋಡಬೇಕು. ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಕೆಲವರಲ್ಲಿ ಸಮೃದ್ಧ, ಕೆಲವರಲ್ಲಿ ಕ್ಷೀಣ. ಆದ್ದರಿಂದ ಅಲ್ಲಿ ಹೌದು-ಇಲ್ಲ ಎಂಬ ಉತ್ತರಕ್ಕೆ ಅರ್ಥವಿದೆ. ಕರುಳು ಫ್ರಕ್ಟೋಸನ್ನು ಎಷ್ಟು ಹೀರಿಕೊಳ್ಳುತ್ತದೆ ಎಂಬುದು ಪ್ರಮಾಣದ ಮೇಲೆ, ಜೊತೆಗೆ ಗ್ಲೂಕೋಸ್ ಇದೆಯೇ ಎಂಬುದರ ಮೇಲೆ ನಿಂತಿದೆ. ಸಾರ್ಬಿಟಾಲನ್ನು ಹೆಚ್ಚಿನವರ ಕರುಳು ಪೂರ್ತಿ ಹೀರಿಕೊಳ್ಳುವುದಿಲ್ಲ. ಇನುಲಿನ್ ಒಡೆಯುವ ಕಿಣ್ವವಂತೂ ಮನುಷ್ಯಜಾತಿಗೇ ಇಲ್ಲ. ಆರೋಗ್ಯವಂತನ ಕರುಳಿನಲ್ಲೂ ಅದು ಹುದುಗಿ ಜಲಜನಕ ಬಿಡಲೇಬೇಕು. ಇನುಲಿನ್ ಕುಡಿದ ಮೇಲೆ ಅಂಕ ಎಂಟಕ್ಕೆ ಏರಿದರೆ ಅದು ರೋಗದ ಸುಳಿವಲ್ಲ, ದೊಡ್ಡ ಕರುಳು ತನ್ನ ಕೆಲಸ ಮಾಡುತ್ತಿದೆ ಎಂಬ ಸುದ್ದಿ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯ ಫ್ರಕ್ಟಾನ್‌ಗಳ ಕತೆಯೂ ಇದೇ. ಅವರೆಕಾಳು, ಹುರುಳಿ, ತೊಗರಿಬೇಳೆಗಳಲ್ಲಿರುವ ರಾಫಿನೋಸ್ ಬಳಗದ ಸಕ್ಕರೆಗಳನ್ನೂ ಯಾರ ಸಣ್ಣ ಕರುಳೂ ಒಡೆಯಲಾರದು. ಬೇಳೆಕಾಳೇ ಊಟದ ಬೆನ್ನೆಲುಬಾದ ನಾಡಿನವರಿಗೆ ಮುಖ್ಯವಾದ ಈ ಸಕ್ಕರೆಗಳು ಆ ನಾಲ್ಕು ಪುಡಿಗಳಲ್ಲಿ ಇಲ್ಲವೇ ಇಲ್ಲ.

ಉತ್ತರ ಖಚಿತವಾಗಿ ಸಿಗುವ ಲ್ಯಾಕ್ಟೋಸ್ ವಿಷಯದಲ್ಲೂ ಜೀರ್ಣವಾಗದಿರುವುದು ಬೇರೆ, ತೊಂದರೆ ಕೊಡುವುದು ಬೇರೆ. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಲೆವಿಟ್ ತಂಡವೇ 1995ರಲ್ಲಿ ಪ್ರಕಟಿಸಿದ ಪ್ರಯೋಗ. ಹಾಲು ಕುಡಿದರೆ ವಿಪರೀತ ತೊಂದರೆಯಾಗುತ್ತದೆ ಎಂದು ಹೇಳಿಕೊಂಡ 30 ಜನರನ್ನು ಆರಿಸಿ ಮೊದಲು ಉಸಿರು ಪರೀಕ್ಷೆ ಮಾಡಿದರು. ಅವರಲ್ಲಿ 9 ಮಂದಿಗೆ ಲ್ಯಾಕ್ಟೋಸ್ ಸರಿಯಾಗಿಯೇ ಜೀರ್ಣವಾಗುತ್ತಿತ್ತು. ಬಳಿಕ ಎಲ್ಲರಿಗೂ ತಿಂಡಿಯ ಜೊತೆ ದಿನಕ್ಕೊಂದು ಲೋಟ, ಅಂದರೆ 240 ಮಿಲಿಲೀಟರ್ ಹಾಲು ಕೊಟ್ಟರು. ಒಂದು ವಾರ ಸಾಮಾನ್ಯ ಹಾಲು, ಒಂದು ವಾರ ಲ್ಯಾಕ್ಟೋಸ್ ಒಡೆದ ಹಾಲು. ಯಾವುದು ಯಾವ ವಾರ ಎಂದು ಕುಡಿದವರಿಗೂ ಕೊಟ್ಟವರಿಗೂ ಗೊತ್ತಿರಲಿಲ್ಲ. ರುಚಿಯಿಂದ ಗುರುತು ಸಿಗದಂತೆ ಸಾಮಾನ್ಯ ಹಾಲಿಗೆ ಕೃತಕ ಸಿಹಿ ಬೆರೆಸಿದ್ದರು. ಲ್ಯಾಕ್ಟೋಸ್ ಜೀರ್ಣವಾಗದ 21 ಮಂದಿಯಲ್ಲೂ ಎರಡು ವಾರಗಳ ಲಕ್ಷಣಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಂದು ಲೋಟ ಹಾಲಿನಲ್ಲಿರುವುದು ಸುಮಾರು 12 ಗ್ರಾಂ ಲ್ಯಾಕ್ಟೋಸ್. ಪರೀಕ್ಷೆಯ 25 ಗ್ರಾಂ ಎಂದರೆ ಅರ್ಧ ಲೀಟರ್ ಹಾಲನ್ನು ಖಾಲಿ ಹೊಟ್ಟೆಗೆ ಒಂದೇ ಉಸಿರಿಗೆ ಸುರಿದಂತೆ. ಕಾಫಿಗೆ ನಾಲ್ಕು ಚಮಚ ಹಾಲು ಹಾಕಿಕೊಳ್ಳುವವರ ಭವಿಷ್ಯವನ್ನು ಆ ಪರೀಕ್ಷೆ ಹೇಳಲಾರದು.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಹಾಲು ಅರಗಿಸಿಕೊಳ್ಳುವ ಶಕ್ತಿ ದೊಡ್ಡವರಾದ ಮೇಲೂ ಉಳಿಯುವುದರಲ್ಲಿ ಐರಿಶ್ ಜನ ಜಗತ್ತಿನಲ್ಲೇ ಮುಂಚೂಣಿಯವರು. ಭಾರತದಲ್ಲಿ ಚಿತ್ರ ಬೇರೆ. ಉತ್ತರದ ಮತ್ತು ದಕ್ಷಿಣದ ಆರೋಗ್ಯವಂತರನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಲ್ಯಾಕ್ಟೋಸ್ ಜೀರ್ಣವಾಗದಿರುವುದು ದಕ್ಷಿಣದವರಲ್ಲೇ ಹೆಚ್ಚು ಎಂದು ಉಸಿರು ಮತ್ತು ವಂಶವಾಹಿ ಪರೀಕ್ಷೆಗಳೆರಡರಿಂದಲೂ ಕಂಡುಕೊಂಡಿತು. ಅಂದರೆ ದಕ್ಷಿಣದವರಲ್ಲಿ ಬಹುಪಾಲು ಮಂದಿ ಈ ಪೆಟ್ಟಿಗೆಗೆ ಊದಿದರೆ ಹಾಲಿನ ಅಂಕ ಏರುತ್ತದೆ. ಅವರಲ್ಲಿ ಹೆಚ್ಚಿನವರು ಹಾಲು ಹಾಕಿದ ಕಾಫಿ ಕುಡಿದುಕೊಂಡು, ಮೊಸರನ್ನ ಉಂಡುಕೊಂಡು ಯಾವ ತಂಟೆಯೂ ಇಲ್ಲದೆ ಇದ್ದಾರೆ. ಮೊಸರಿನ ಗುಟ್ಟನ್ನೂ ಜಲಜನಕವೇ ಹೊರಹಾಕಿದೆ: 1984ರ ಇನ್ನೊಂದು ಪ್ರಯೋಗದಲ್ಲಿ, ಅಷ್ಟೇ ಲ್ಯಾಕ್ಟೋಸ್ ಹಾಲಿನ ಬದಲು ಮೊಸರಿನ ಮೂಲಕ ಹೊಟ್ಟೆ ಸೇರಿದಾಗ ಉಸಿರಿನ ಜಲಜನಕ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಹೆಪ್ಪಿನ ಬ್ಯಾಕ್ಟೀರಿಯಾಗಳ ಕಿಣ್ವ ಕರುಳಿನೊಳಗೂ ಲ್ಯಾಕ್ಟೋಸನ್ನು ಒಡೆಯುತ್ತದೆ. ‘ಲ್ಯಾಕ್ಟೋಸ್ ಆಗದು’ ಎಂಬ ಅಂಕ ನೋಡಿ ಮೊಸರನ್ನೂ ಬಿಟ್ಟವರು ವೃಥಾ ಕಳೆದುಕೊಳ್ಳುತ್ತಾರೆ.

ಕಿಟ್ ಬದಿಗಿಟ್ಟು, ಪ್ರತಿ ಊಟದ ನಂತರ ಊದಿ ಅಂಕ ನೋಡುವ ಬಳಕೆಯೂ ಇದೆ. ಸಾಧನ ಸೋಲುವುದು ಇಲ್ಲೇ. ಆಹಾರ ದೊಡ್ಡ ಕರುಳು ಮುಟ್ಟಲು ಗಂಟೆಗಟ್ಟಲೆ ಬೇಕು. ಆ ಅವಧಿ ಒಬ್ಬೊಬ್ಬರಲ್ಲಿ ಒಂದೊಂದು ಥರ. ಮಧ್ಯಾಹ್ನ ಮೂರಕ್ಕೆ ಏರಿದ ಅಂಕಕ್ಕೆ ಕಾರಣ ಆಗಷ್ಟೇ ಉಂಡ ಅನ್ನ-ಹುಳಿಯೋ, ಬೆಳಗಿನ ಉಪ್ಪಿಟ್ಟಿನ ಈರುಳ್ಳಿಯೋ, ಹಿಂದಿನ ರಾತ್ರಿಯ ಹುರುಳಿ ಸಾರೋ ಎಂದು ಯಾವ ಆ್ಯಪ್ ಬೇರ್ಪಡಿಸಿ ಹೇಳೀತು? ಆಸ್ಪತ್ರೆಯಲ್ಲೇ ಇಂಥ ಗೊಂದಲ ನಡೆದಿದೆ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿದೆ ಎಂದು ಪತ್ತೆ ಮಾಡಲು ಲ್ಯಾಕ್ಟುಲೋಸ್ ಎಂಬ ಜೀರ್ಣವಾಗದ ಸಕ್ಕರೆ ಕುಡಿಸಿ ಊದಿಸುವ ರೂಢಿಯಿದೆ. 2011ರಲ್ಲಿ ಕೆನಡಾದ ಸಂಶೋಧಕರು ವಿಕಿರಣ ಗುರುತು ಬೆರೆಸಿ ಕುಡಿಸಿ ನೋಡಿದಾಗ, ಬಹುಪಾಲು ರೋಗಿಗಳಲ್ಲಿ ಜಲಜನಕ ಏರುವ ಹೊತ್ತಿಗೆ ಆ ದ್ರವ ದೊಡ್ಡ ಕರುಳನ್ನು ತಲುಪಿಯೇ ಆಗಿತ್ತು.

ಅಂಕ ಕಡಿಮೆ ಬಂದರೂ ನಿಶ್ಚಿಂತೆಯಿಲ್ಲ. ಕೆಲವರ ಕರುಳಿನಲ್ಲಿ ಹುಟ್ಟಿದ ಜಲಜನಕವನ್ನು ಬೇರೆ ಸೂಕ್ಷ್ಮಜೀವಿಗಳು ತಿಂದು ಮೀಥೇನ್ ಮಾಡುತ್ತವೆ. ಹಳೆಯ ಮಾದರಿಗೆ ಅದು ಕಾಣಿಸುತ್ತಿರಲಿಲ್ಲ, ‘ಏರ್ 2’ ಆ ಕೊರತೆಯನ್ನು ತುಂಬಿದೆ. ಜಲಜನಕದಿಂದ ಹೈಡ್ರೋಜನ್ ಸಲ್ಫೈಡ್ ಮಾಡುವ ಜೀವಿಗಳು ಮಾತ್ರ ಇದರ ಕಣ್ಣಿಗೂ ಬೀಳುವುದಿಲ್ಲ. ಈಚೆಗೆ ಆಂಟಿಬಯಾಟಿಕ್ ನುಂಗಿದವರ ಅಂಕವನ್ನೂ ನಂಬುವಂತಿಲ್ಲ.

ಗೋಧಿಯ ಗ್ಲುಟೆನ್‌ನಿಂದ ಬರುವ ಸೀಲಿಯಾಕ್ ಕಾಯಿಲೆ, ಹಾಲಿನ ಪ್ರೋಟೀನಿನ ಅಲರ್ಜಿ ಇವು ಉಸಿರಿನ ಗ್ಯಾಸಿನಿಂದ ತಿಳಿಯುವ ಸಂಗತಿಗಳೇ ಅಲ್ಲ. ಸೀಲಿಯಾಕ್‌ಗೆ ರಕ್ತದ ಪ್ರತಿಕಾಯ ಪರೀಕ್ಷೆ ಬೇಕು, ಅದನ್ನೂ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಕರುಳಿನ ಕಿರಿಕಿರಿಯ ತೊಂದರೆಯಾದ ಐಬಿಎಸ್‌ನ ಸಾಮಾನ್ಯ ಲಕ್ಷಣಗಳಿರುವವರಿಗೆ ಉಸಿರು ಪರೀಕ್ಷೆ ಬೇಡ ಎಂದು ಬ್ರಿಟನ್ನಿನ ಜಠರ-ಕರುಳು ತಜ್ಞರ ಸಂಘ 2021ರ ಮಾರ್ಗಸೂಚಿಯಲ್ಲಿ ಹೇಳಿತು. ಆಸ್ಪತ್ರೆಯ ದೊಡ್ಡ ಯಂತ್ರದ ಮಾತೇ ಹೀಗಿರುವಾಗ ಪಾಕೆಟ್ ಯಂತ್ರಕ್ಕೆ ಹೆಚ್ಚಿನ ಅಧಿಕಾರ ಎಲ್ಲಿಂದ ಬರಬೇಕು?

ಇನ್ನೂ ಒಂದು ಅಪಾಯವಿದೆ, ಅದು ಯಂತ್ರದ್ದಲ್ಲ, ಅಂಕದ್ದು. ಫಾಡ್‌ಮ್ಯಾಪ್ ಸಕ್ಕರೆಗಳನ್ನು ಬಿಡುವ ಪಥ್ಯವನ್ನು ರೂಪಿಸಿದವರೇ ಕಟ್ಟುನಿಟ್ಟಿನ ಹಂತವನ್ನು ಕೆಲವೇ ವಾರಗಳಿಗೆ ಸೀಮಿತಗೊಳಿಸಿ, ಆಮೇಲೆ ಒಂದೊಂದೇ ಆಹಾರವನ್ನು ವಾಪಸು ತರಲು ಹೇಳುತ್ತಾರೆ. ಪ್ರತಿ ತುತ್ತಿಗೂ ಅಂಕ ಕೊಡುವ ಸಾಧನ ಇದಕ್ಕೆ ತದ್ವಿರುದ್ಧ ಅಭ್ಯಾಸ ಬೆಳೆಸುತ್ತದೆ: ಅಂಕ ಏರಿಸಿದ್ದನ್ನೆಲ್ಲ ತಟ್ಟೆಯಿಂದ ತೆಗೆಯುವುದು. ಹಾಗೆ ತೆಗೆಯುತ್ತ ಹೋದರೆ ಮೊದಲು ಹೋಗುವುದು ಬೇಳೆ, ಕಾಳು, ಹಣ್ಣು. ಅಂದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟವೇ.

ಒಟ್ಟಿನಲ್ಲಿ ‘ಏರ್ 2’ ಒಳ್ಳೆಯ ಮಾಪಕ, ದುರ್ಬಲ ನ್ಯಾಯಾಧೀಶ. ಉಪವಾಸವಿದ್ದು, ಒಂದು ದಿನ ಲ್ಯಾಕ್ಟೋಸ್ ಕುಡಿದು, ಅಂಕದ ಪಕ್ಕದಲ್ಲೇ ಹೊಟ್ಟೆಯ ಲಕ್ಷಣಗಳನ್ನೂ ಬರೆದಿಟ್ಟು ಆಹಾರತಜ್ಞರಿಗೆ ತೋರಿಸುವವರಿಗೆ ಅದರಿಂದ ಉಪಯೋಗವಿದೆ. ಊಟ ಊಟಕ್ಕೂ ಊದುವವರಿಗೆ ಅದು ದಂಡದ ಖರ್ಚು. ಹಾಲಿನ ಮೇಲೆ ಅನುಮಾನ ಇರುವವರು ಎರಡು ವಾರ ಹಾಲು ಬಿಟ್ಟು, ಮತ್ತೆ ಶುರುಮಾಡಿ ನೋಡಿದರೂ ಬಹುಪಾಲು ಅದೇ ಉತ್ತರ ಪುಕ್ಕಟೆಯಾಗಿ ಸಿಗುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು ಅಥವಾ ಭೇದಿ ಕಂಡವರು ಯಾವ ಪೆಟ್ಟಿಗೆಗೂ ಊದುತ್ತ ಕೂರದೆ ನೇರ ವೈದ್ಯರ ಬಳಿ ಹೋಗಬೇಕು.