ಆಳಿನ ಲೆಕ್ಕ ಕೇಳುವ ಹೊಸ ತಲೆಮಾರು

ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ನೈಸರ್ಗಿಕ ಕೃಷಿ ಕರ್ನಾಟಕದಲ್ಲಿ ಬೇರೂರಲು ರೈತ ಸಂಘದ ಕಾರ್ಯಕರ್ತರು ಬಹಳ ದುಡಿದರು. ಸಾಲದಲ್ಲಿ ಮುಳುಗಿದ್ದ ರೈತನಿಗೆ ಅದು ಹೇಳಿದ್ದು ಇಷ್ಟೇ: ಬೀಜ, ಗೊಬ್ಬರ, ಔಷಧಿಗೆಂದು ಅಂಗಡಿ ಮೆಟ್ಟಿಲು ಹತ್ತಬೇಡ. ಇಂದು ಹೊಲಕ್ಕಿಳಿಯುವ ಯುವಕ ಯುವತಿಯರಲ್ಲಿ ಅನೇಕರಿಗೆ ಈ ಮಾತು ಒಪ್ಪಿಗೆಯೇ. ಅವರ ತಕರಾರು ಬೇರೆ: ಆಳಿನ ಲೆಕ್ಕ ಎಲ್ಲಿ?

ತಕರಾರು ನ್ಯಾಯವಾದದ್ದು. ಈ ಕೃಷಿಯಲ್ಲಿ ಅಂಗಡಿ ಗೊಬ್ಬರದ ಬದಲು ಬಳಸುವ ಜೀವಾಮೃತವನ್ನೇ ನೋಡಿ. 200 ಲೀಟರ್ ನೀರಿಗೆ 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಡ್ರಮ್ಮನ್ನು ನೆರಳಲ್ಲಿಟ್ಟು, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಿ, ಎರಡು ದಿನದ ಮೇಲೆ ಬಳಸಬೇಕು. ಇದು ಒಂದು ಎಕರೆಗೆ, ಒಂದು ಸಲಕ್ಕೆ. ಮೂರು ಎಕರೆಯಾದರೆ 600 ಲೀಟರ್. ಚೆನ್ನಾಗಿ ಸೋಸದೆ ಬಿಟ್ಟರೆ ಡ್ರಿಪ್ ಕಟ್ಟಿಕೊಳ್ಳುತ್ತದೆ. ಸಗಣಿ ಬಾಚುವ, ಗಂಜಲ ಹಿಡಿಯುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೇ ಬರುತ್ತದೆ. ಅವರ ದುಡಿಮೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. 45 ಕೆ.ಜಿ. ಯೂರಿಯಾ ಚೀಲ ಸಬ್ಸಿಡಿಯಲ್ಲಿ 300 ರೂಪಾಯಿಯೊಳಗೆ ಸಿಗುವಾಗ ಹುಡುಗರು ಅತ್ತ ವಾಲಿದರೆ, ಅವರಿಗೆ ಮಣ್ಣಿನ ಮೇಲೆ ಪ್ರೀತಿಯಿಲ್ಲ ಎನ್ನುವುದು ಅನ್ಯಾಯ.

ಪದ್ಧತಿಯ ನಿಜವಾದ ಬಲ ಹೊದಿಕೆಯಲ್ಲಿದೆ. ಕಬ್ಬಿನ ತರಗಿಗೆ ಬೆಂಕಿ ಇಡದೆ ಸಾಲಿನಲ್ಲೇ ಹಾಸಿದ ಗದ್ದೆಯಲ್ಲಿ ಕಳೆ ಕಮ್ಮಿ; ತೇವ ಬೇಗ ಆರುವುದಿಲ್ಲ; ತರಗು ಸರಿಸಿದರೆ ಎರೆಹುಳು ಹಾಕಿದ ಮಣ್ಣು ಕಾಣುತ್ತದೆ. ಇದನ್ನು ಒಪ್ಪಲು ಯಾರ ಉಪದೇಶವೂ ಬೇಕಿಲ್ಲ.

ಪದ್ಧತಿ ಸೋಲುವುದು ತನ್ನ ಹಠದಲ್ಲಿ. ಎಲ್ಲ ಮಣ್ಣಿಗೂ ಒಂದೇ ಸೂತ್ರ, ನಾಟಿ ಹಸುವಿನ ಸಗಣಿಯೇ ಶ್ರೇಷ್ಠವೆಂಬ ಪಟ್ಟು, ಮೊದಲ ವರ್ಷವೂ ಇಳುವರಿ ತಗ್ಗದೆಂಬ ಭರವಸೆ. ರಾಸಾಯನಿಕಕ್ಕೆ ಒಗ್ಗಿದ ಹೊಲ ತಿರುಗಿಕೊಳ್ಳಲು ಸಮಯ ಬೇಡುತ್ತದೆ. ಸಾವಯವ ಪ್ರಮಾಣಪತ್ರಕ್ಕೂ ವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಅಷ್ಟು ದಿನ ಫಸಲು ತಗ್ಗಿದರೂ ಮಾರುಕಟ್ಟೆಯಲ್ಲಿ ಮಾಮೂಲಿ ಬೆಲೆಯೇ. ಬ್ಯಾಂಕಿನ ಕಂತು ಮಾತ್ರ ತಪ್ಪುವುದಿಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೈಸರ್ಗಿಕ ಕೃಷಿ ಮಿಷನ್‌ಗೆ 2,481 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಆ ಹಣ ತರಬೇತಿ ಶಿಬಿರಗಳಲ್ಲೇ ಕರಗದೆ, ಈ ಎರಡು ವರ್ಷದ ನಷ್ಟ ತುಂಬಲು, ಊರಲ್ಲೇ ಜೀವಾಮೃತ ತಯಾರಿಸಿ ಮಾರುವವರಿಗೆ ಕೂಲಿ ಹುಟ್ಟಿಸಲು ಬಳಕೆಯಾಗಬೇಕು. ಲೆಕ್ಕ ಕೇಳುವ ಯುವ ರೈತರು ನೈಸರ್ಗಿಕ ಕೃಷಿಯ ವಿರೋಧಿಗಳಲ್ಲ. ಅವರಿಗೆ ನೇರ ಉತ್ತರ ಕೊಟ್ಟರೆ ಮಾತ್ರ ಅದು ಮುಂದಿನ ತಲೆಮಾರಿಗೆ ದಾಟುತ್ತದೆ.